ನೈಸರ್ಗಿಕ ಅನಿಲ: ಒಲೆಯಿಂದ ಹೊಲದವರೆಗೆ

ನೈಸರ್ಗಿಕ ಅನಿಲವೆಂದೊಡನೆ ಬಹುಮಂದಿಗೆ ನೆನಪಾಗುವುದು ಅಡಿಗೆಮನೆಯ ನೀಲಿ ಜ್ವಾಲೆ. ಆದರೆ ಅನಿಲದ ಕೊಳವೆಯನ್ನೇ ಕಾಣದ ಹಳ್ಳಿಗಳಿಗೂ ಅದು ಬೇರೊಂದು ರೂಪದಲ್ಲಿ ಬಹು ಹಿಂದೆಯೇ ತಲಪಿದೆ. ಚನ್ನಗಿರಿ, ಹೊನ್ನಾಳಿಗಳ ಭದ್ರಾ ನಾಲೆಯ ಗದ್ದೆಗಳಲ್ಲಿ, ನ್ಯಾಮತಿ, ಜಗಳೂರುಗಳ ಮೆಕ್ಕೆಜೋಳದ ಹೊಲಗಳಲ್ಲಿ ರೈತರು ಎರಚುವ ಯೂರಿಯಾ ಗೊಬ್ಬರಕ್ಕೆ ಮುಖ್ಯ ಮೂಲದ್ರವ್ಯ ಈ ಅನಿಲವೇ.

ಭೂಗರ್ಭದಲ್ಲಿ ದೊರೆಯುವ ಈ ಅನಿಲದ ಬಹುಭಾಗ ಮೀಥೇನ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ವಾಸನೆಯ ದ್ರವ್ಯವನ್ನು ಬೆರೆಸುತ್ತಾರೆ. ಸಿಲಿಂಡರಿನಲ್ಲಿ ಬರುವ ಅಡಿಗೆ ಅನಿಲ ಇದಲ್ಲ; ಅದು ಪ್ರೊಪೇನ್, ಬ್ಯೂಟೇನ್‌ಗಳ ಮಿಶ್ರಣ. ಸೋರಿದಾಗ ಅದು ಗಾಳಿಗಿಂತ ಭಾರವಾಗಿ ನೆಲದ ಮೇಲೆ ನಿಲ್ಲುತ್ತದೆ; ಮೀಥೇನ್ ಹಗುರವಾದುದರಿಂದ ಮೇಲಕ್ಕೇರುತ್ತದೆ.

ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಕೊಳವೆಮಾರ್ಗ 2013ರಲ್ಲಿ ಕಾರ್ಯಾರಂಭ ಮಾಡಿತು. 2018ರಲ್ಲಿ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳನ್ನು ಒಂದು ವಲಯವಾಗಿಸಿ ಅನಿಲ ವಿತರಣೆಗೆ ಅನುಮತಿ ನೀಡಲಾಯಿತು. ಮನೆಯ ಒಲೆ, ವಾಹನಗಳ ಸಿಎನ್‌ಜಿ, ಕಾರ್ಖಾನೆಯ ಬಾಯ್ಲರು, ಗಾಜು ಕರಗಿಸುವ ಕುಲುಮೆ, ವಿದ್ಯುದುತ್ಪಾದನೆ ಇವೆಲ್ಲಕ್ಕೂ ಈ ಅನಿಲ ಒದಗುತ್ತದೆ. ಬೂದಿ ಉಳಿಯುವುದಿಲ್ಲ, ಸಮನಾದ ಶಾಖಕ್ಕೆ ಕಲ್ಲಿದ್ದಲಿಗಿಂತ ಕಡಿಮೆ ಇಂಗಾಲಾಮ್ಲ ಹೊರಬೀಳುತ್ತದೆ.

ಗೊಬ್ಬರದ ಕಾರ್ಖಾನೆಯಲ್ಲಿ ಮಾತ್ರ ಅದು ಕೇವಲ ಉರುವಲಲ್ಲ. ಮೀಥೇನ್ ಮತ್ತು ನೀರಾವಿಯಿಂದ ಪಡೆದ ಜಲಜನಕವನ್ನು ಗಾಳಿಯ ಸಾರಜನಕದೊಡನೆ ಅಧಿಕ ಒತ್ತಡದಲ್ಲಿ ಕೂಡಿಸಿದರೆ ಅಮೋನಿಯಾ ಉಂಟಾಗುತ್ತದೆ. ಅದಕ್ಕೆ ಇಂಗಾಲಾಮ್ಲ ಸೇರಿ ಯೂರಿಯಾ ಆಗುತ್ತದೆ. ಹಿಂದೆ ನಾಫ್ತಾವನ್ನು ಬಳಸುತ್ತಿದ್ದ ಮಂಗಳೂರಿನ ರಸಗೊಬ್ಬರ ಕಾರ್ಖಾನೆಗೂ ಈಗ ಕೊಚ್ಚಿಯಿಂದ ಕೊಳವೆಯಲ್ಲಿ ಅನಿಲ ಬರುತ್ತದೆ; ಆ ಮಾರ್ಗದ ಉದ್ಘಾಟನೆ 2021ರ ಜನವರಿಯಲ್ಲಿ ನೆರವೇರಿತು. 45 ಕಿಲೋಗ್ರಾಂ ಯೂರಿಯಾ ಚೀಲದಲ್ಲಿ 20 ಕಿಲೋಗ್ರಾಮಿಗೂ ಮಿಗಿಲಾದ ಸಾರಜನಕವಿರುತ್ತದೆ.

ಭಾರತ ಬಳಸುವ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧಭಾಗ ವಿದೇಶದ್ದು. ಸೊನ್ನೆಗಿಂತ 162 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂಪುಗೊಳಿಸಿದರೆ ಅದು ದ್ರವವಾಗಿ, ಗಾತ್ರ ಸುಮಾರು ಆರುನೂರರಲ್ಲೊಂದಕ್ಕೆ ಇಳಿಯುತ್ತದೆ. ಹಾಗೆ ಅದು ಹಡಗಿನಲ್ಲಿ ಬರುತ್ತದೆ. ದೂರದ ಸಮುದ್ರದಲ್ಲಿ ತೊಡಕುಂಟಾದರೆ ಇಲ್ಲಿಯ ಗೊಬ್ಬರಕ್ಕೂ ಸಂಕಟ. ಅಳತೆಮೀರಿ ಎರಚಿದ ಯೂರಿಯಾ ನೀರಿನಲ್ಲಿ ಕೊಚ್ಚಿಹೋದರೆ ನಷ್ಟವಾಗುವುದು ರೈತನ ಹಣವಷ್ಟೇ ಅಲ್ಲ, ಈ ಅನಿಲವೂ ಹೌದು.

ಇದೇ ಮೀಥೇನ್ ಹಿತ್ತಿಲಿನಲ್ಲಿಯೂ ಹುಟ್ಟುತ್ತದೆ. ಸಗಣಿ ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆತಾಗ ಬರುವ ಗೋಬರ್ ಅನಿಲದ ಅರ್ಧಕ್ಕಿಂತ ಹೆಚ್ಚು ಭಾಗ ಮೀಥೇನೇ. ತುಮಕೂರು ಜಿಲ್ಲೆಯ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು 1987ರಲ್ಲಿ ಊರಿನ ಸಗಣಿಯ ಅನಿಲದಿಂದ ಎಂಜಿನ್ ನಡೆಸಿ, ವಿದ್ಯುತ್ ಉತ್ಪಾದಿಸಿ, ಕುಡಿಯುವ ನೀರನ್ನೂ ದೀಪವನ್ನೂ ಒದಗಿಸಿದರು. ಅನಿಲ ತೆಗೆದ ಬಗ್ಗಡದಲ್ಲಿ ಸಾರಜನಕ ಉಳಿದೇ ಇರುತ್ತದೆ. ಅದು ಮರಳಿ ಹೊಲಕ್ಕೆ ಸಲ್ಲುತ್ತದೆ. ಉರಿಸಿದ ಬೆರಣಿಯಲ್ಲಿ ಆ ಲಾಭವಿಲ್ಲ.

ಭೂಗರ್ಭದ ಅನಿಲ ಒಮ್ಮೆ ಬಳಸಿದರೆ ಮುಗಿಯಿತು. ಕೊಟ್ಟಿಗೆಯ ಅನಿಲ ದಿನವೂ ಹುಟ್ಟುತ್ತದೆ. ಮೊದಲನೆಯದನ್ನು ಮಿತವಾಗಿ ಬಳಸಿ, ಎರಡನೆಯದನ್ನು ವ್ಯರ್ಥಗೊಳಿಸದಿರುವುದೇ ನಾಡಿಗೆ ಹಿತಕರವಾದ ಮಾರ್ಗ.