ಹಸಿ ಹಲಗೆಗೆ ಅಗಸೆ ಎಣ್ಣೆ ಹಚ್ಚಿದರೆ ಬಿರುಕು ಬಿಡುವುದಿಲ್ಲವೇ? ಈ ಸಂದೇಶ ಹೇಳದೆ ಬಿಟ್ಟ ಅಪಾಯ ಯಾವುದು?

"ಮಿಲ್ಲಿನಿಂದ ತಂದ ಹಸಿ ಸಿಲ್ವರ್ ಹಲಗೆಗೆ ಎರಡು ಕೋಟ್ ಅಗಸೆ ಎಣ್ಣೆ ಹಚ್ಚಿ. ನೀರು ಹೀರುವುದಿಲ್ಲ, ಬಿರುಕು ಬಿಡುವುದಿಲ್ಲ, ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಫರ್ನಿಚರ್ ಅಂಗಡಿಯವರು ಈ ಗುಟ್ಟು ಹೇಳುವುದಿಲ್ಲ. ಎಲ್ಲ ಗ್ರೂಪಿಗೂ ಕಳಿಸಿ."

ವಾಟ್ಸಾಪ್‌ನಲ್ಲಿ ಬಂದ ಈ ಸಂದೇಶವನ್ನು ಮೂಡಿಗೆರೆ ಕಡೆಯ ಓದುಗರೊಬ್ಬರು ನಮಗೆ ಕಳಿಸಿದ್ದರು. ಮಗಳಿಗೆ ಓದುವ ಮೇಜು ಮಾಡಿಕೊಡಬೇಕೆಂದು ತಮ್ಮ ತೋಟದ್ದೇ ಸಿಲ್ವರ್ ಮರ ಕೊಯ್ಯಿಸಿ ತಂದಿದ್ದರಂತೆ. ಮರಗೆಲಸ ಅವರಿಗೆ ಹೊಸದು. ಸಂದೇಶ ನಿಜವೋ ಸುಳ್ಳೋ ಎಂದು ಅವರು ಕೇಳಿರಲಿಲ್ಲ, ಆಗಲೇ ಎಣ್ಣೆ ಹಚ್ಚಿಯಾಗಿತ್ತು. ಅವರ ಪ್ರಶ್ನೆಯೇ ಬೇರೆ: "ಎಣ್ಣೆ ಒರೆಸಿದ ಬಟ್ಟೆಗಳನ್ನೆಲ್ಲ ಬಕೆಟ್ಟಿಗೆ ತುಂಬಿ ಗೋದಾಮಿನಲ್ಲಿ ಇಟ್ಟಿದ್ದೆ. ಸಂಜೆ ಮುಟ್ಟಿ ನೋಡಿದರೆ ಒಳಗೆ ಬಿಸಿ ಇದೆ. ಯಾಕಿರಬಹುದು?"

ಬಕೆಟ್ಟಿನ ಪಕ್ಕದಲ್ಲಿ ಕಾಫಿ ತುಂಬಿದ ಗೋಣಿಚೀಲಗಳಿದ್ದವು. ನಾವು ತಕ್ಷಣ ಫೋನ್ ಮಾಡಿ, ಮೊದಲು ಬಕೆಟ್ಟನ್ನು ಅಂಗಳಕ್ಕೆ ತಂದು ಬಟ್ಟೆಗಳನ್ನು ನೀರಿನಲ್ಲಿ ಮುಳುಗಿಸಿ ಎಂದೆವು. ಸಂದೇಶದ ಉಳಿದ ಮಾತುಗಳನ್ನು ಆಮೇಲೆ ನೋಡೋಣ. ಬಟ್ಟೆಯ ವಿಷಯ ಮೊದಲು.

ಬೆಂಕಿ ಹಚ್ಚದೆಯೇ ಬಟ್ಟೆ ಬಿಸಿಯಾಗುವುದು ಹೇಗೆ?

ಅಗಸೆ ಎಣ್ಣೆ "ಒಣಗುತ್ತದೆ" ಎನ್ನುತ್ತೇವೆ. ಅದು ನೀರು ಆರಿದಂತೆ ಆರುವುದಲ್ಲ. ಎಣ್ಣೆ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ಈ ರಾಸಾಯನಿಕ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಹಲಗೆಯ ಮೇಲೆ ತೆಳುವಾಗಿ ಹರಡಿದ್ದರೆ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಅದೇ ಎಣ್ಣೆ ಮುದ್ದೆ ಮಾಡಿದ ಬಟ್ಟೆಯಲ್ಲಿದ್ದರೆ ನೂಲಿನ ಎಳೆ ಎಳೆಗೂ ಗಾಳಿ ತಾಗುತ್ತದೆ, ಆದರೆ ಶಾಖ ಹೊರಗೆ ಹೋಗಲು ದಾರಿ ಇಲ್ಲ. ಬಿಸಿಯಾದಷ್ಟೂ ಕ್ರಿಯೆ ಜೋರಾಗುತ್ತದೆ, ಜೋರಾದಷ್ಟೂ ಬಿಸಿ ಏರುತ್ತದೆ. ಕೆಲವು ಗಂಟೆಗಳಲ್ಲಿ ಹೊಗೆ, ನಂತರ ಬೆಂಕಿ. ಬೆಂಕಿಕಡ್ಡಿ ಬೇಡ, ಕರೆಂಟ್ ಬೇಡ, ಬಿಸಿಲೂ ಬೇಡ.

ಇದು ಪುಸ್ತಕದ ಭಯವಲ್ಲ. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡಕ್ಕೆ ಬೆಂಕಿ ಬಿತ್ತು. 22ನೇ ಅಂತಸ್ತಿನಲ್ಲಿ ಮರದ ಪ್ಯಾನೆಲ್‌ಗಳಿಗೆ ಪಾಲಿಶ್ ಕೆಲಸ ನಡೆದಿತ್ತು. ಅಲ್ಲಿ ಬಿಟ್ಟುಹೋಗಿದ್ದ ಅಗಸೆ ಎಣ್ಣೆಯ ಬಟ್ಟೆಗಳಿಂದಲೇ ಬೆಂಕಿ ಶುರುವಾಗಿದ್ದು. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು.

ಅಂಗಡಿಯಲ್ಲಿ "ಬಾಯಿಲ್ಡ್ ಲಿನ್ಸೀಡ್ ಆಯಿಲ್" ಎಂದು ಸಿಗುವುದಕ್ಕೆ ಬೇಗ ಒಣಗಲೆಂದು ಲೋಹದ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಬೇಗ ಒಣಗುವುದೆಂದರೆ ಬೇಗ ಬಿಸಿಯಾಗುವುದು ಎಂದೇ ಅರ್ಥ. ಅಡುಗೆಗೆ ತರುವ ಅಗಸೆ ಎಣ್ಣೆಯಲ್ಲಿ ಆ ಲೋಹಗಳಿಲ್ಲ, ಆದರೆ ಬಟ್ಟೆ ಮುದ್ದೆಯಾಗಿದ್ದರೆ ಅದೂ ಬಿಸಿಯಾಗುತ್ತದೆ.

ಹಾಗಾದರೆ ಬಟ್ಟೆಯನ್ನು ಏನು ಮಾಡುವುದು? ಒಂದೊಂದಾಗಿ ಬಿಡಿಸಿ, ಮಡಿಕೆ ಇಲ್ಲದಂತೆ, ಮನೆಯಿಂದ ದೂರದ ಬೇಲಿ ತಂತಿಯ ಮೇಲೆ ಹರಡಿ. ರಟ್ಟಿನಂತೆ ಬಿರುಸಾದ ಮೇಲೆ ಬಿಸಾಡಬಹುದು. ಮಳೆಗಾಲವಾದರೆ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿಡಿ. ಎಣ್ಣೆ ಹಚ್ಚಿದ ಮರವನ್ನು ಉಜ್ಜಿದ ಪುಡಿಗೂ ಇದೇ ನಿಯಮ, ಅದನ್ನು ಗುಡಿಸಿ ಚೀಲಕ್ಕೆ ತುಂಬಿಡಬೇಡಿ. ಆಗಲೇ ಹೊಗೆ ಬರುತ್ತಿದ್ದರೆ ಮುದ್ದೆಯನ್ನು ಒಳಗೇ ಬಿಡಿಸಲು ಹೋಗಬೇಡಿ. ಗಾಳಿ ಸಿಕ್ಕ ಕೂಡಲೇ ಹೊತ್ತಿಕೊಳ್ಳಬಹುದು. ನೀರು ಸುರಿಯಿರಿ, 101 ಅಥವಾ 112ಕ್ಕೆ ಕರೆ ಮಾಡಿ.

ಎಣ್ಣೆ ಹಚ್ಚಿದರೆ ಬಿರುಕು ಬಿಡುವುದಿಲ್ಲ ಎನ್ನುವುದು ನಿಜವೇ?

ಇಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ಕಾಫಿ ಬೆಳೆಗಾರರಿಗೆ ಹೆಚ್ಚು ಹೇಳಬೇಕಿಲ್ಲ. ಹಸಿ ಕಾಫಿಯನ್ನು ಮೂಟೆ ಕಟ್ಟಿ, ಮೂಟೆಯ ಮೇಲೆ ಪ್ಲಾಸ್ಟಿಕ್ ಸುತ್ತಿದರೆ ಅದು ಒಣಗಿದ ಕಾಫಿ ಆಗುತ್ತದೆಯೇ? ತೇವ ಒಳಗೇ ಇರುತ್ತದೆ. ಹಸಿ ಹಲಗೆಗೆ ಬಳಿಯುವುದೂ ಹಾಗೆಯೇ.

ಆಗತಾನೇ ಕಡಿದ ಮರದಲ್ಲಿ, ಒಣ ಮರದ ತೂಕಕ್ಕೆ ಹೋಲಿಸಿದರೆ, ಅರ್ಧಕ್ಕಿಂತ ಹೆಚ್ಚು ನೀರು ಇರುವುದು ಸಾಮಾನ್ಯ. ಕೆಲವು ಮರಗಳಲ್ಲಿ ಮರದಷ್ಟೇ ತೂಕದ ನೀರಿರುತ್ತದೆ. ಈ ನೀರು ಎರಡು ಜಾಗದಲ್ಲಿದೆ: ಕೋಶಗಳ ಟೊಳ್ಳಿನಲ್ಲಿ ಮತ್ತು ಕೋಶಗಳ ಗೋಡೆಯಲ್ಲಿ. ಟೊಳ್ಳಿನ ನೀರು ಮೊದಲು ಹೋಗುತ್ತದೆ, ಆಗ ಹಲಗೆ ಹಗುರವಾಗುತ್ತದೆ ಅಷ್ಟೇ. ತೇವಾಂಶ ಸುಮಾರು 30 ಪ್ರತಿಶತಕ್ಕಿಂತ ಕೆಳಗೆ ಇಳಿದ ಮೇಲೆ ಗೋಡೆಯ ನೀರು ಹೋಗಲು ಶುರುವಾಗುತ್ತದೆ, ಆಗ ಮರ ಕುಗ್ಗುತ್ತದೆ. ಹೊರಮೈ ಮೊದಲು ಒಣಗಿ ಕುಗ್ಗುತ್ತದೆ, ಒಳಗು ಇನ್ನೂ ಉಬ್ಬಿಕೊಂಡೇ ಇರುತ್ತದೆ. ಆ ಎಳೆದಾಟದಲ್ಲಿ ಹಲಗೆ ಸೀಳುತ್ತದೆ.

ಅಗಸೆ ಎಣ್ಣೆ ಈ ನೀರಿನ ಹೋಗುಬರುವಿಕೆಯನ್ನು ನಿಲ್ಲಿಸುವುದೂ ಇಲ್ಲ. ಅಮೆರಿಕ ಸರ್ಕಾರದ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಬೇರೆ ಬೇರೆ ಲೇಪನಗಳನ್ನು ತೇವದ ಗಾಳಿಯಲ್ಲಿಟ್ಟು ಪರೀಕ್ಷಿಸಿದೆ. ಅದರಲ್ಲಿ ತೇವ ತಡೆಯುವ ವಿಷಯಕ್ಕೆ ಬಂದರೆ ಅಗಸೆ ಎಣ್ಣೆಯದು ಕೊನೆಯ ಸಾಲು. ಎಣ್ಣೆ ಮರಕ್ಕೆ ಬಣ್ಣ ತುಂಬುತ್ತದೆ, ಎಳೆ ಚೆನ್ನಾಗಿ ಕಾಣುತ್ತದೆ. ಅದು ಅಂದ, ರಕ್ಷಣೆಯಲ್ಲ.

ಸಂದೇಶದಲ್ಲಿ ಒಂದು ಎಳೆ ಸತ್ಯ ಇರುವುದು ಹಲಗೆಯ ತುದಿಗಳಲ್ಲಿ. ಮರದ ಕೊಳವೆಗಳು ತೆರೆದುಕೊಳ್ಳುವುದು ಅಲ್ಲಿ, ಹಾಗಾಗಿ ತುದಿಗಳು ಹಲಗೆಯ ಮೈಗಿಂತ ಎಷ್ಟೋ ಪಟ್ಟು ಬೇಗ ಒಣಗಿ ಮೊದಲು ಸೀಳುತ್ತವೆ. ಕೊಯ್ಯಿಸಿದ ದಿನವೇ ಎರಡೂ ತುದಿಗೆ ಮನೆಯಲ್ಲಿ ಉಳಿದ ಎನಾಮಲ್ ಪೇಂಟನ್ನೋ ಕರಗಿಸಿದ ಮೇಣವನ್ನೋ ದಪ್ಪಗೆ ಬಳಿದರೆ ತುದಿಸೀಳು ಬಹಳ ಕಡಿಮೆಯಾಗುತ್ತದೆ. ಮೈಗೆ ಏನೂ ಬಳಿಯಬೇಡಿ, ಒಣಗಲು ಬಿಡಿ.

ಕಣದಲ್ಲಿ ಹರಡಿದರೆ ಆಗದೇ?

ಕಾಫಿ ಒಣಗಿಸಿದ ಕೈಗೆ ಮೊದಲು ಹೊಳೆಯುವುದು ಇದೇ. ಬೇಡ. ಕಾಫಿ ಬೀಜ ಚಿಕ್ಕದು, ಒಳಗೂ ಹೊರಗೂ ಹೆಚ್ಚು ವ್ಯತ್ಯಾಸವಿಲ್ಲದೆ ಒಣಗುತ್ತದೆ. ಹಲಗೆ ಹಾಗಲ್ಲ. ಬಿಸಿಲಿಗೆ ಹಾಕಿದರೆ ಮೇಲ್ಮೈ ಎರಡೇ ದಿನಕ್ಕೆ ಒಣಗಿ ಸೀಳುತ್ತದೆ, ಒಳಗು ಹಸಿಯೇ. ಹಲಗೆಗೆ ಬೇಕಾದದ್ದು ನೆರಳು ಮತ್ತು ಗಾಳಿ.

ಸೂರಿನ ಕೆಳಗೆ, ನೆಲದಿಂದ ಒಂದಡಿ ಎತ್ತರದಲ್ಲಿ ಹಲಗೆ ಜೋಡಿಸಿ. ಎರಡು ಹಲಗೆಗಳ ನಡುವೆ ಒಂದಿಂಚು ದಪ್ಪದ ಒಣ ಪಟ್ಟಿಗಳಿರಲಿ, ಎರಡಡಿಗೆ ಒಂದರಂತೆ, ಮೇಲಿನಿಂದ ಕೆಳಗಿನವರೆಗೆ ಒಂದೇ ನೇರದಲ್ಲಿ. ಪಟ್ಟಿ ಆಚೀಚೆಯಾದರೆ ಹಲಗೆ ಅಲ್ಲೇ ಬಾಗಿ ಒಣಗುತ್ತದೆ. ಮೇಲೆ ನಾಲ್ಕು ಜಂಬಿಟ್ಟಿಗೆ ಕಲ್ಲು ಹೇರಿ. ಒಂದಿಂಚು ದಪ್ಪಕ್ಕೆ ಒಂದು ವರ್ಷ ಎನ್ನುವುದು ಹಳೆಯ ಲೆಕ್ಕ, ಅದು ಅಂದಾಜು ಮಾತ್ರ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮೂಡಿಗೆರೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಲಗೆ ಹೆಚ್ಚೇನೂ ಒಣಗುವುದಿಲ್ಲ. ನವೆಂಬರ್‌ನಲ್ಲಿ ಕೊಯ್ಯಿಸಿ ಜೋಡಿಸಿದರೆ ಮುಂದಿನ ಬೇಸಿಗೆ ಪೂರ್ತಿ ಸಿಗುತ್ತದೆ.

ಒಣಗಿದೆ ಎಂದು ತಿಳಿಯುವುದು ಹೇಗೆ? ಫೋರ್ಲಿಟ್ ಅಳತೆಯ ಕಾಫಿಯನ್ನು ದಿನಾ ತೂಗಿ, ತೂಕ ನಿಂತ ಮೇಲೆ ಕಣದಿಂದ ಎತ್ತುವವರಿಗೆ ಇದು ಸುಲಭ. ಒಂದು ಹಲಗೆಗೆ ಪೆನ್ಸಿಲಿನಲ್ಲಿ ತೂಕ, ತಾರೀಖು ಬರೆಯಿರಿ. ಹದಿನೈದು ದಿನಕ್ಕೊಮ್ಮೆ ತೂಗಿ. ಮಳೆಯಿಲ್ಲದ ತಿಂಗಳಲ್ಲೂ ತೂಕ ಇಳಿಯುವುದು ನಿಂತರೆ ಹಲಗೆ ಅಲ್ಲಿನ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ. ಅಂಕಿಯೇ ಬೇಕೆಂದರೆ ಹಲಗೆಯ ನಡುಭಾಗದಿಂದ ಒಂದು ಚೂರು ಕತ್ತರಿಸಿ ತೂಗಿ, ಓವನ್‌ನಲ್ಲಿ 103 ಡಿಗ್ರಿಗೆ ಇಟ್ಟು ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. ಮೊದಲು 230 ಗ್ರಾಂ, ಕೊನೆಗೆ 200 ಗ್ರಾಂ ಇದ್ದರೆ, ಹೋದ 30 ಗ್ರಾಂ ನೀರನ್ನು 200ರಿಂದ ಭಾಗಿಸಿ: ತೇವಾಂಶ 15 ಪ್ರತಿಶತ. ಎಣ್ಣೆ ಹಚ್ಚಿದ ಚೂರನ್ನು ಮಾತ್ರ ಓವನ್ನಿಗೆ ಇಡಬೇಡಿ.

ಒಣಗಿದ ಹಲಗೆಯೂ ಅಲುಗಾಡುತ್ತದೆ

ಮೊದಲ ಸಲ ಮೇಜು ಮಾಡುವವರು ಎಡವುವುದು ಇಲ್ಲೇ. ಮರ ಒಮ್ಮೆ ಒಣಗಿದರೆ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಗಾಳಿಯ ಆರ್ದ್ರತೆ 85 ಪ್ರತಿಶತ ಇರುವ ಆಷಾಢದಲ್ಲಿ ಹಲಗೆ ಮತ್ತೆ ತೇವ ಎಳೆದುಕೊಂಡು 18 ಪ್ರತಿಶತದ ಹತ್ತಿರ ಹೋಗುತ್ತದೆ. ಆರ್ದ್ರತೆ 50ಕ್ಕೆ ಇಳಿದರೆ ಹಲಗೆಯದು 9ರ ಆಸುಪಾಸಿಗೆ ಬರುತ್ತದೆ. ಒಂದಡಿ ಅಗಲದ ಹಲಗೆ ಈ ಎರಡರ ನಡುವೆ ಸುಮಾರು ಅರ್ಧ ಸೆಂಟಿಮೀಟರ್ ಹಿಗ್ಗಿ ಕುಗ್ಗುತ್ತದೆ. ಉದ್ದದಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಎಲ್ಲ ಆಟವೂ ಅಗಲದಲ್ಲಿ.

ಮಳೆಗಾಲದಲ್ಲಿ ಬಾಗಿಲು ಬಿಗಿಯಾಗಿ ಬೇಸಿಗೆಯಲ್ಲಿ ಸಡಿಲಾಗುವುದೂ ಇದರಿಂದಲೇ. ಹಳೆಯ ಬಾಗಿಲುಗಳಲ್ಲಿ ನಡುವಿನ ಹಲಗೆಯನ್ನು ಚೌಕಟ್ಟಿನ ಗಾಡಿಯೊಳಗೆ ಅಂಟಿಲ್ಲದೆ ಸುಮ್ಮನೆ ಕೂರಿಸಿರುವುದನ್ನು ನೋಡಿ. ಹಿಗ್ಗಲು ಜಾಗ ಬಿಟ್ಟಿರುತ್ತಾರೆ.

ಮೇಜಿನ ಮೇಲ್ಹಲಗೆಗೂ ಇದೇ ಉಪಾಯ. ಹಲಗೆಗಳನ್ನು ಅಕ್ಕಪಕ್ಕ ಫೆವಿಕಾಲ್ ಹಾಕಿ ಕೂಡಿಸಬಹುದು, ಎಲ್ಲದರ ಎಳೆ ಒಂದೇ ದಿಕ್ಕಿನಲ್ಲಿರುವುದರಿಂದ ಒಟ್ಟಿಗೇ ಹಿಗ್ಗುತ್ತವೆ. ಆದರೆ ಕೆಳಗೆ ಅಡ್ಡಪಟ್ಟಿ ಕೊಡುವಾಗ ಅಂಟು ಹಾಕಬೇಡಿ, ಸ್ಕ್ರೂ ಮಾತ್ರ. ನಡುವಿನ ಸ್ಕ್ರೂ ಬಿಗಿಯಾಗಿರಲಿ. ಎರಡು ತುದಿಯ ಸ್ಕ್ರೂಗಳಿಗೆ ಪಟ್ಟಿಯಲ್ಲಿ ಉದ್ದನೆಯ ತೂತು ಕೊರೆದು ವಾಷರ್ ಹಾಕಿ, ಆಗ ಹಲಗೆ ಸರಿಯಲು ಅವಕಾಶವಿರುತ್ತದೆ. ಈ ತೂತು ಕೊರೆಯಲು ಹತ್ತು ನಿಮಿಷ ಸಾಕು. ಬಿಟ್ಟರೆ ಮೊದಲ ಬೇಸಿಗೆಯಲ್ಲೇ ಮೇಜು ನಡುವೆ ಬಾಯಿ ಬಿಡುತ್ತದೆ, ಯಾವ ಎಣ್ಣೆಯೂ ಅದನ್ನು ತಡೆಯದು.

ಗೆದ್ದಲು, ಕುಟ್ಟೆ ಹುಳ ಮತ್ತು ಅಮಾವಾಸ್ಯೆ

ಗೆದ್ದಲು ಮರ ತಿನ್ನುವುದು ಸೆಲ್ಯುಲೋಸ್‌ಗಾಗಿ. ಮೇಲೆ ಎಣ್ಣೆ ಬಳಿದರೆ ಒಳಗಿನ ಸೆಲ್ಯುಲೋಸ್ ಎಲ್ಲೂ ಹೋಗುವುದಿಲ್ಲ. ಸಿಲ್ವರ್ ಓಕ್ ಗೆದ್ದಲಿಗೆ ಎದುರು ನಿಲ್ಲುವ ಮರವಲ್ಲ. ಹೆಸರಿಗೆ ಓಕ್, ಆದರೆ ಓಕ್ ಕುಲದ್ದೂ ಅಲ್ಲ. ಆಸ್ಟ್ರೇಲಿಯಾದ ಪೂರ್ವ ಭಾಗದಿಂದ ತೋಟದ ನೆರಳಿಗೆಂದು ಬಂದದ್ದು. ಮನೆಯೊಳಗಿನ ಮೇಜಿಗೆ ಧಾರಾಳವಾಗಿ ಆಗುತ್ತದೆ, ಅಂಗಳದ ಬೆಂಚಿಗೆ ಬೇಡ. ಇದನ್ನು ಉಜ್ಜುವಾಗ ಏಳುವ ಪುಡಿಯಿಂದ ಕೆಲವರಿಗೆ ಚರ್ಮ ತುರಿಸಿ ಕೆಂಪಾಗುತ್ತದೆ. ತುಂಬು ತೋಳಿನ ಅಂಗಿ, ಮಾಸ್ಕ್ ಇರಲಿ. ಹರಿಕೆಲಸಕ್ಕೆ ಇದನ್ನು ಹೇಳಲು ಇನ್ನೊಂದು ಕಾರಣವಿದೆ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿ ಸಿಲ್ವರ್ ಇದೆ. ಬೀಟೆ, ತೇಗ ನಿಮ್ಮದೇ ತೋಟದಲ್ಲಿದ್ದರೂ ಅರಣ್ಯ ಇಲಾಖೆಯನ್ನು ಕೇಳದೆ ಮುಟ್ಟುವಂತಿಲ್ಲ.

ಹಿಟ್ಟಿನಂಥ ಪುಡಿ ಉದುರಿಸುವ ಕುಟ್ಟೆ ಹುಳಕ್ಕೆ ಬೇಕಾದದ್ದು ಪಿಷ್ಟ. ಅದಿರುವುದು ಮರದ ಹೊರಗಿನ ಬಿಳಿ ಭಾಗದಲ್ಲಿ, ಚೇಗಿನಲ್ಲಿ ಅಲ್ಲ. ಅಮಾವಾಸ್ಯೆಗೆ ಕಡಿದರೆ ಕುಟ್ಟೆ ಹಿಡಿಯುವುದಿಲ್ಲ ಎನ್ನುವ ನಂಬಿಕೆ ಬಗ್ಗೆಯೂ ಹಲವರು ಕೇಳುತ್ತಾರೆ. ತಿಥಿ ನೋಡುವುದಕ್ಕಿಂತ ಕಡಿದ ಮರವನ್ನು ಸಿಪ್ಪೆ ಸಮೇತ ಮಳೆಯಲ್ಲಿ ತಿಂಗಳುಗಟ್ಟಲೆ ಬಿಡದಿರುವುದು ಮುಖ್ಯ. ಹಿರಿಯರು ಒಣ ತಿಂಗಳಲ್ಲೇ ಕಡಿಯುತ್ತಿದ್ದರು, ಬೇಗ ಕೊಯ್ಯಿಸುತ್ತಿದ್ದರು. ಕೆಲಸ ಮಾಡಿದ್ದು ಅದು.

ಬಳಸಿದ ಎಂಜಿನ್ ಆಯಿಲ್ ಬಳಿಯಿರಿ ಎನ್ನುವ ಸಂದೇಶವೂ ಇದೆ. ಮಗು ಕೈಯಿಟ್ಟು ಓದುವ ಮೇಜಿಗೆ ಅದು ಖಂಡಿತ ಬೇಡ, ಅದರಲ್ಲಿ ಕ್ಯಾನ್ಸರ್‌ಕಾರಕ ಅಂಶಗಳಿರುತ್ತವೆ. ಕೊಬ್ಬರಿ ಎಣ್ಣೆಯಿಂದ ಬೆಂಕಿಯ ಭಯ ಕಡಿಮೆ, ಆದರೆ ಅದು ಗಟ್ಟಿಯಾಗುವುದೇ ಇಲ್ಲ. ಪುಸ್ತಕಕ್ಕೆ ಎಣ್ಣೆ ಅಂಟುತ್ತದೆ.

ಹಾಗಾದರೆ ಯಾವ ಪಾಲಿಶ್?

ಮೊದಲ ಮೇಜಿಗೆ ನಮ್ಮ ಆಯ್ಕೆ ನೀರಿನಲ್ಲಿ ಕಲಸುವ, ಬ್ರಷ್‌ನಲ್ಲಿ ಹಚ್ಚುವ ಪಾಲಿಯುರೆಥೇನ್. ಬೆಲೆ ಹೆಚ್ಚು, ಆದರೆ ಬಟ್ಟೆ ಬಿಸಿಯಾಗುವ ತಲೆನೋವಿಲ್ಲ, ವಾಸನೆ ಕಡಿಮೆ. ಅರಗಿನಿಂದ ಮಾಡುವ ಸ್ಪಿರಿಟ್ ಪಾಲಿಶ್ ಕೂಡ ಒಳ್ಳೆಯದೇ, ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅರಗಿನದೇ. ಬಿಸಿ ಕಾಫಿ ಲೋಟ ಇಟ್ಟರೆ ಮಾತ್ರ ಬಿಳಿ ಉಂಗುರ ಬೀಳುತ್ತದೆ. ಸ್ಪಿರಿಟ್ ಪಾಲಿಶ್ಶನ್ನು ಮಳೆಗಾಲದಲ್ಲಿ ಹಚ್ಚಬೇಡಿ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಪಾಲಿಶ್ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಬೆಂಕಿ, ಬೀಡಿ ಹತ್ತಿರ ಇರಬಾರದು ಎಂದು ಬೇರೆ ಹೇಳಬೇಕಿಲ್ಲ.

ಯಾವುದನ್ನೇ ಹಚ್ಚಿ, 120, 180, 220 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಎಳೆಯ ದಿಕ್ಕಿನಲ್ಲೇ ಉಜ್ಜಿದ ಮೇಲೆ, ಮೇಲೆ ಎಷ್ಟು ಕೋಟೋ ಕೆಳಗೂ ಅಷ್ಟೇ ಕೋಟ್ ಕೊಡಿ. ಮೇಲ್ಮೈಗೆ ಮಾತ್ರ ಬಳಿದರೆ ಕೆಳಗಿನಿಂದ ತೇವ ಬೇಗ ಏರಿ ಹಲಗೆ ಬಾಗುತ್ತದೆ.

ನಮ್ಮ ಓದುಗರ ಮಿಕ್ಕ ಹಲಗೆಗಳು ಈಗ ಗೋದಾಮಿನ ಜಗುಲಿಯಲ್ಲಿ ಪಟ್ಟಿಗಳ ಮೇಲಿವೆ. ಎಣ್ಣೆ ಹಚ್ಚಿದ ಹಲಗೆಯನ್ನೂ ಅಲ್ಲೇ ಇಟ್ಟಿದ್ದಾರೆ, ಅದರ ತೂಕ ಉಳಿದವುಗಳಷ್ಟೇ ಇಳಿಯುತ್ತಿದೆಯೇ ನೋಡಬೇಕಂತೆ. ಮಗಳು ಸದ್ಯ ಊಟದ ಮೇಜಿನ ಮೇಲೆಯೇ ಓದುತ್ತಿದ್ದಾಳೆ.