ಯೂಟ್ಯೂಬ್ ನಂಬಿ ವ್ಯಾಪಾರ: ಹಣ ಹೇಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ

2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಟಿಕ್‌ಟಾಕ್ ಇತ್ತು. ಅದರಲ್ಲಿ ಲಕ್ಷಾಂತರ ಹಿಂಬಾಲಕರನ್ನು ಗಳಿಸಿದ್ದವರು ಅವರನ್ನೆಲ್ಲ ನೋಡನೋಡುತ್ತಲೇ ಕಳೆದುಕೊಂಡರು. ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ. ಆರು ಸೆಕೆಂಡಿನ ವಿಡಿಯೊಗಳಿಗೆ ಹೆಸರಾಗಿದ್ದ ವೈನ್ 2017ರ ಜನವರಿಯಲ್ಲಿ ಬಾಗಿಲು ಹಾಕಿದ್ದು ಅದರ ಮಾಲೀಕ ಕಂಪನಿ ಟ್ವಿಟರ್‌ನ ತೀರ್ಮಾನದಿಂದ. ಅಲ್ಲಿಯೂ ವಿಡಿಯೊ ಮಾಡುವವರನ್ನು ಯಾರೂ ಕೇಳಲಿಲ್ಲ.

ಹಾಗೆಂದು ವಿಡಿಯೊ ತಾಣಗಳಿಂದ ದೂರ ಇರಬೇಕಾಗಿಲ್ಲ. ಶಿರಸಿಯಲ್ಲಿ ಹಲಸಿನ ಹಪ್ಪಳ ಮಾಡುವವರಿಗೆ, ಇಳಕಲ್ಲಿನಲ್ಲಿ ಸೀರೆ ನೇಯುವವರಿಗೆ ಬೆಂಗಳೂರಿನಲ್ಲೂ ದುಬೈನಲ್ಲೂ ಗಿರಾಕಿಗಳು ಸಿಗುವ ಇಷ್ಟು ಅಗ್ಗದ ದಾರಿ ಹಿಂದೆ ಇರಲಿಲ್ಲ. ಒಂದು ಮೊಬೈಲು, ಒಳ್ಳೆಯ ಬೆಳಕು, ಹೇಳಲು ಗೊತ್ತಿರುವ ಒಂದು ವಿಷಯ ಇದ್ದರೆ ಶುರು ಮಾಡಬಹುದು. ಆದರೆ ದಾರಿಯ ಒಡೆತನ ಬೇರೆಯವರದು. ಅದನ್ನು ತಿಳಿದು ನಡೆಯುವುದು ಹೇಗೆ ಎಂಬುದನ್ನು ಕನ್ನಡಿಗರು ಹೆಚ್ಚಾಗಿ ಬಳಸುವ ಯೂಟ್ಯೂಬನ್ನೇ ಮುಂದಿಟ್ಟುಕೊಂಡು ನೋಡೋಣ.

ಹಣ ಬರುವ ದಾರಿಗಳು

ಮೊದಲನೆಯದು ಜಾಹೀರಾತು. ಇದರ ಪಾಲು ಸಿಗಬೇಕಾದರೆ ಚಾನೆಲ್‌ಗೆ 1,000 ಸಬ್‌ಸ್ಕ್ರೈಬರ್‌ಗಳು ಇರಬೇಕು. ಜತೆಗೆ ಕಳೆದ 12 ತಿಂಗಳಲ್ಲಿ ಜನ ಒಟ್ಟು 4,000 ಗಂಟೆ ವಿಡಿಯೊ ನೋಡಿರಬೇಕು, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್ ಎಂಬ ಕಿರು ವಿಡಿಯೊಗಳಿಗೆ 1 ಕೋಟಿ ವೀಕ್ಷಣೆ ಬಂದಿರಬೇಕು. ಉದ್ದನೆಯ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ಶೇ 55 ಮಾಡಿದವರಿಗೆ, ಉಳಿದದ್ದು ಯೂಟ್ಯೂಬ್‌ಗೆ. ಶಾರ್ಟ್ಸ್ ಲೆಕ್ಕ ಬೇರೆ: ಅಲ್ಲಿ ಜಾಹೀರಾತಿನ ಹಣವನ್ನು ಒಟ್ಟುಗೂಡಿಸಿ, ಸಂಗೀತದ ಹಕ್ಕುದಾರರ ಪಾಲು ತೆಗೆದು, ವೀಕ್ಷಣೆಗೆ ತಕ್ಕಂತೆ ಹಂಚಿ, ನಿಮ್ಮ ಭಾಗಕ್ಕೆ ಬಂದದ್ದರಲ್ಲಿ ಶೇ 45 ಕೊಡುತ್ತಾರೆ.

ಎರಡನೆಯದು ನೋಡುಗರೇ ನೇರವಾಗಿ ಕೊಡುವ ಹಣ: ಮೆಂಬರ್‌ಶಿಪ್, ಸೂಪರ್ ಚಾಟ್. ಇದರಲ್ಲಿ ಶೇ 70 ನಿಮಗೆ. 2023ರಿಂದ 500 ಸಬ್‌ಸ್ಕ್ರೈಬರ್‌ಗಳಿರುವ ಚಾನೆಲ್‌ಗಳಿಗೂ ಕೆಲವು ಷರತ್ತುಗಳೊಂದಿಗೆ ಈ ಸೌಲಭ್ಯ ತೆರೆದುಕೊಂಡಿದೆ.

ಮೂರನೆಯದು ಕಂಪನಿಗಳ ಪ್ರಾಯೋಜಕತ್ವ. ನಾಲ್ಕನೆಯದು ನಿಮ್ಮದೇ ಸರಕು ಅಥವಾ ಸೇವೆಯ ಮಾರಾಟ. ಕೊನೆಯ ಈ ದಾರಿಯಲ್ಲಿ ಯೂಟ್ಯೂಬ್ ಹಣ ಕೊಡುವ ಯಜಮಾನನಲ್ಲ, ಗಿರಾಕಿಯನ್ನು ಕರೆತರುವ ಪ್ರಚಾರ ಮಾತ್ರ.

ಒಂದು ಲೆಕ್ಕ

ಜಾಹೀರಾತಿನ ದರ ವಿಷಯ, ಕಾಲ, ನೋಡುಗರ ದೇಶ ಇವುಗಳ ಮೇಲೆ ನಿಂತಿದೆ. ಹಣಕಾಸಿನ ವಿಡಿಯೊಗೆ ಹಾಸ್ಯದ ವಿಡಿಯೊಗಿಂತ ಹೆಚ್ಚು ದರ ಸಿಗುವುದು ಸಾಮಾನ್ಯ. ಅಮೆರಿಕದ ಕನ್ನಡಿಗರೊಬ್ಬರು ನೋಡಿದರೆ ಬರುವ ಹಣ ಇಲ್ಲಿಯವರು ನೋಡಿದಾಗ ಬರುವುದಕ್ಕಿಂತ ಜಾಸ್ತಿ. ದೀಪಾವಳಿಗೆ ಏರಿದ ದರ ವರ್ಷದ ಆರಂಭದಲ್ಲಿ ಇಳಿಯುತ್ತದೆ.

ಲೆಕ್ಕಕ್ಕೆಂದು ಸಾವಿರ ವೀಕ್ಷಣೆಗೆ ₹40 ಕೈಗೆ ಬರುತ್ತದೆ ಎಂದುಕೊಳ್ಳೋಣ. ತಿಂಗಳಿಗೆ ₹30,000 ಬೇಕಾದರೆ 7.5 ಲಕ್ಷ ವೀಕ್ಷಣೆ ಬೇಕು, ಅದೂ ಪ್ರತಿ ತಿಂಗಳು. ಅದೇ ಚಾನೆಲ್ಲಿನವರು ಉಪ್ಪಿನಕಾಯಿ ಮಾರುತ್ತಾರೆ, ಒಂದು ಬಾಟಲಿಗೆ ₹150 ಲಾಭ ಉಳಿಯುತ್ತದೆ ಎಂದುಕೊಂಡರೆ 200 ಬಾಟಲಿ ಸಾಕು. ಏಳೂವರೆ ಲಕ್ಷ ಅಪರಿಚಿತರನ್ನು ಹಿಡಿದಿಡುವುದು ನಿಮ್ಮ ಕೈಯಲ್ಲಿಲ್ಲ. ಇನ್ನೂರು ಗಿರಾಕಿಗಳನ್ನು ಒಳ್ಳೆಯ ಸರಕಿನಿಂದ ಉಳಿಸಿಕೊಳ್ಳುವುದು ಬಹುಮಟ್ಟಿಗೆ ನಿಮ್ಮ ಕೈಯಲ್ಲೇ ಇದೆ. ಸಣ್ಣ ವ್ಯಾಪಾರಿ ಮೊದಲು ಎಣಿಸಬೇಕಾದದ್ದು ಗಿರಾಕಿಗಳನ್ನು, ಆಮೇಲೆ ವೀಕ್ಷಣೆಯನ್ನು.

ಅಪಾಯ ಎಲ್ಲಿದೆ

ನಿಯಮ ಬದಲಾಗುತ್ತದೆ. 2017ರಲ್ಲಿ ಉಗ್ರವಾದಿ ವಿಡಿಯೊಗಳ ಪಕ್ಕ ತಮ್ಮ ಜಾಹೀರಾತು ಕಂಡ ದೊಡ್ಡ ಕಂಪನಿಗಳು ಯೂಟ್ಯೂಬ್‌ನಿಂದ ಹಿಂದೆ ಸರಿದವು. ಏನೂ ತಪ್ಪು ಮಾಡದ ಚಾನೆಲ್‌ಗಳ ಆದಾಯವೂ ಕುಸಿಯಿತು. ಮರುವರ್ಷ ಯೂಟ್ಯೂಬ್ 1,000 ಸಬ್‌ಸ್ಕ್ರೈಬರ್ ನಿಯಮ ತಂದಾಗ ಅದುವರೆಗೆ ಸಂಪಾದಿಸುತ್ತಿದ್ದ ಸಣ್ಣ ಚಾನೆಲ್‌ಗಳು ಹೊರಬಿದ್ದವು. ಮಕ್ಕಳ ಮಾಹಿತಿ ಸಂಗ್ರಹಿಸಿದ್ದಕ್ಕಾಗಿ 2019ರಲ್ಲಿ ಯೂಟ್ಯೂಬಿನ ಮಾಲೀಕ ಕಂಪನಿ ಗೂಗಲ್ ಅಮೆರಿಕದಲ್ಲಿ 17 ಕೋಟಿ ಡಾಲರ್ ಕಟ್ಟಲು ಒಪ್ಪಿತು. 2020ರ ಜನವರಿಯಿಂದ ಮಕ್ಕಳ ವಿಡಿಯೊಗಳಲ್ಲಿ ಕಾಮೆಂಟ್ ಇಲ್ಲ, ನೋಡುಗರ ಅಭಿರುಚಿ ಆಧರಿಸಿದ ಜಾಹೀರಾತೂ ಇಲ್ಲ. ಅಮೆರಿಕದ ಆ ಒಪ್ಪಂದದ ಪರಿಣಾಮ ಕನ್ನಡದ ಶಿಶುಗೀತೆ ಚಾನೆಲ್‌ಗೂ ತಟ್ಟಿತು.

ಕಾಪಿರೈಟ್ ಇನ್ನೊಂದು. ಸಿನಿಮಾ ಹಾಡಿನ ತುಣುಕು ಹಿನ್ನೆಲೆಯಲ್ಲಿ ಕೇಳಿಸಿದರೂ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಅದನ್ನು ಪತ್ತೆಹಚ್ಚುತ್ತದೆ. ಆಗ ಆ ವಿಡಿಯೊದ ಆದಾಯ ಹಕ್ಕುದಾರರಿಗೆ ಹೋಗಬಹುದು. ಇದು ಕ್ಲೇಮ್. ಹಕ್ಕುದಾರರು ವಿಡಿಯೊ ತೆಗೆಸಿದರೆ ಬೀಳುವುದು ಸ್ಟ್ರೈಕ್. 90 ದಿನಗಳಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. 2025ರ ಮೇ ತಿಂಗಳಲ್ಲಿ ಯೂಟ್ಯೂಬರ್ ಮೋಹಕ್ ಮಂಗಲ್, ಸೆಕೆಂಡುಗಳ ತುಣುಕು ಬಳಸಿದ್ದಕ್ಕೆ ಸುದ್ದಿಸಂಸ್ಥೆ ಎಎನ್ಐ ಸ್ಟ್ರೈಕ್ ಹಾಕಿ ಲಕ್ಷಗಟ್ಟಲೆ ಹಣ ಕೇಳಿತೆಂದು ಆರೋಪಿಸಿದರು. ಎಎನ್ಐ ಮಾನನಷ್ಟದ ದಾವೆಯೊಂದಿಗೆ ದೆಹಲಿ ಹೈಕೋರ್ಟಿಗೆ ಹೋಯಿತು. ಯಾರ ಕಡೆ ನ್ಯಾಯ ಎಂಬುದು ಕೋರ್ಟಿನ ವಿಷಯ. ನಮಗೆ ಉಳಿಯುವ ಪಾಠ: ಸಂಗೀತಕ್ಕೆ ಯೂಟ್ಯೂಬಿನದೇ ಉಚಿತ ಆಡಿಯೊ ಲೈಬ್ರರಿ ಬಳಸಿ, ದೃಶ್ಯಗಳನ್ನು ನೀವೇ ಚಿತ್ರೀಕರಿಸಿ.

ಮೂರನೆಯದು ಕಳ್ಳತನ. ಪ್ರಾಯೋಜಕತ್ವದ ಆಸೆ ತೋರಿಸುವ ಇಮೇಲ್, ಅದರೊಳಗೊಂದು ಫೈಲ್. ತೆರೆದರೆ ನಿಮ್ಮ ಲಾಗಿನ್ ಕದಿಯುವ ತಂತ್ರಾಂಶ ಒಳನುಗ್ಗುತ್ತದೆ. ಅಪರಿಚಿತರ ಫೈಲ್ ತೆರೆಯಬೇಡಿ. ಎರಡು ಹಂತದ ದೃಢೀಕರಣ ಹಾಕಿಡಿ. ಎಡಿಟಿಂಗ್ ಮಾಡುವ ಹುಡುಗನಿಗೆ ಪಾಸ್‌ವರ್ಡ್ ಕೊಡುವ ಬದಲು ಯೂಟ್ಯೂಬ್ ಸ್ಟುಡಿಯೊ ಸೆಟ್ಟಿಂಗ್ಸ್‌ನಲ್ಲಿ ಎಡಿಟರ್ ಎಂಬ ಅನುಮತಿಯಷ್ಟೇ ಕೊಡಿ.

ತೆರಿಗೆ, ಕಾನೂನು

ಖಾತೆಯಲ್ಲಿ 100 ಡಾಲರ್ ಆದ ಮೇಲೆ ಗೂಗಲ್‌ನ ಪಾವತಿ ವ್ಯವಸ್ಥೆಯಾದ ಆಡ್‌ಸೆನ್ಸ್ ಹಣ ಕಳಿಸುತ್ತದೆ. ಅಲ್ಲಿ ಅಮೆರಿಕದ ತೆರಿಗೆ ನಮೂನೆಯನ್ನು ಮರೆಯದೆ ತುಂಬಿ. ತುಂಬಿದರೆ ಅಮೆರಿಕದ ನೋಡುಗರಿಂದ ಬಂದ ಹಣದಲ್ಲಿ ಮಾತ್ರ ಶೇ 15 ಕಡಿತ. ತುಂಬದಿದ್ದರೆ ಒಟ್ಟು ಗಳಿಕೆಯಲ್ಲೇ ಶೇ 24ರವರೆಗೆ ಹೋಗಬಹುದು.

ವಿಡಿಯೊ ಮಾಡಲೆಂದು ಕಂಪನಿ ಕೊಟ್ಟ ಮೊಬೈಲನ್ನು ಇಟ್ಟುಕೊಂಡರೆ ಅದೂ ಆದಾಯವೇ. ವರ್ಷಕ್ಕೆ ₹20,000 ದಾಟಿದ ಇಂಥ ಕೊಡುಗೆಗಳಿಗೆ 2022ರ ಜುಲೈಯಿಂದ ಶೇ 10 ಟಿಡಿಎಸ್ ಇದೆ. ಹಣ ಅಥವಾ ಉಡುಗೊರೆ ಪಡೆದು ಹೊಗಳಿದರೆ ಅದು ಜಾಹೀರಾತು ಎಂದು ವಿಡಿಯೊದಲ್ಲೇ ಸ್ಪಷ್ಟವಾಗಿ ಹೇಳಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ₹10 ಲಕ್ಷದವರೆಗೆ ದಂಡ ಬೀಳಬಹುದು. ತಿಂಡಿ ಮಾರುವವರಿಗೆ ಎಫ್ಎಸ್ಎಸ್ಎಐ ನೋಂದಣಿ ಬೇಕು. ಹೊರರಾಜ್ಯಕ್ಕೆ ಸರಕು ಕಳಿಸುವವರು ವಹಿವಾಟು ಚಿಕ್ಕದಿದ್ದರೂ ಜಿಎಸ್‌ಟಿ ಬಗ್ಗೆ ಮೊದಲೇ ಆಡಿಟರ್ ಬಳಿ ಕೇಳಿಕೊಳ್ಳಿ.

ಹೀಗೆ ಮಾಡಿ

ಚಾನೆಲ್ ಎಂದರೆ ಜಾತ್ರೆಯಲ್ಲಿ ಹಾಕಿದ ಅಂಗಡಿ. ಜನಸಂದಣಿ ಅಲ್ಲಿದೆ, ಆದ್ದರಿಂದ ಅಲ್ಲಿ ಇರಲೇಬೇಕು. ಬಂದ ಗಿರಾಕಿಗೆ ಊರಿನ ಅಂಗಡಿಯ ವಿಳಾಸವನ್ನೂ ಕೊಟ್ಟು ಕಳಿಸಬೇಕು.

* ಪ್ರತಿ ವಿಡಿಯೊದ ಕೆಳಗೆ ನಿಮ್ಮ ವಾಟ್ಸ್‌ಆ್ಯಪ್ ಬಿಸಿನೆಸ್ ಸಂಖ್ಯೆ ಅಥವಾ ವೆಬ್‌ಸೈಟ್ ಹಾಕಿ. ಕೊಂಡವರ ಹೆಸರು, ಫೋನ್ ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಬರೆದಿಡಿ. ಚಾನೆಲ್ ಹೋದರೂ ಈ ಪಟ್ಟಿ ಉಳಿಯುತ್ತದೆ.
* ಮೂಲ ವಿಡಿಯೊಗಳ ಪ್ರತಿಯನ್ನು ಹಾರ್ಡ್‌ಡಿಸ್ಕಿನಲ್ಲಿ ಇಡಿ. ಇನ್ನೊಂದು ತಾಣದಲ್ಲೂ ಹಾಕುತ್ತಿರಿ.
* ಜಾಹೀರಾತಿನ ಹಣವನ್ನು ಮನೆ ಬಾಡಿಗೆ, ಸಾಲದ ಕಂತಿಗೆ ಲೆಕ್ಕ ಹಾಕಬೇಡಿ. ಅದರಿಂದ ಕ್ಯಾಮೆರಾ, ಮೈಕು, ಸರಕಿನ ಗುಣಮಟ್ಟ ಹೆಚ್ಚಿಸಿ.
* ಆರು ತಿಂಗಳ ಖರ್ಚಿಗಾಗುವಷ್ಟು ಹಣ ಕೂಡುವವರೆಗೆ ಈಗಿರುವ ಕೆಲಸ ಬಿಡಬೇಡಿ.

ಕೈಯಲ್ಲಿ ಕಸುಬಿದ್ದೂ ಗಿರಾಕಿ ಸಿಗದೆ ಸೋತವರು ನಮ್ಮ ಊರುಗಳಲ್ಲಿ ಎಷ್ಟೋ ಜನ. ಅವರಿಗೆ ಈ ತಾಣಗಳು ನಿಜಕ್ಕೂ ದೊಡ್ಡ ಅವಕಾಶ. ಸಬ್‌ಸ್ಕ್ರೈಬರ್ ಸಂಖ್ಯೆ ನೋಡಿ ಧೈರ್ಯ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾಳೆ ಬೆಳಿಗ್ಗೆ ಚಾನೆಲ್ ಇಲ್ಲವಾದರೆ ಎಷ್ಟು ಗಿರಾಕಿಗಳಿಗೆ ನಾನೇ ಫೋನ್ ಮಾಡಬಲ್ಲೆ? ಆ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ನಿಮ್ಮ ವ್ಯಾಪಾರ ಬೆಳೆಯುತ್ತಿದೆ ಎಂದೇ ಅರ್ಥ.