ಬೆಣ್ಣೆ ಕರಗಿದರೂ ಬೊಂಬೆ ಕರಗದು

ಡಿಸೆಂಬರ್ 6ನೆಯ ತಾರೀಖು ಸಂತ ನಿಕೋಲಾಸನ ಹಬ್ಬ. ನೆದರ್ಲೆಂಡ್ಸ್ ದೇಶದಲ್ಲಿ ಅದರ ಹಿಂದಿನ ಸಂಜೆಯೇ ಮಕ್ಕಳಿಗೆ ಉಡುಗೊರೆಗಳು ದೊರೆಯುತ್ತವೆ. ಈ ಹಬ್ಬಕ್ಕೆ ಅಲ್ಲಿ ತಪ್ಪದೆ ಬರುವ ತಿಂಡಿಯೆಂದರೆ ಸ್ಪೆಕ್ಯುಲಾಸ್ ಎಂಬ ಬಿಸ್ಕತ್ತು. ಮೈದಾ, ಬೆಣ್ಣೆ, ಕಂದು ಸಕ್ಕರೆ ಮತ್ತು ಸಾಂಬಾರ ಪದಾರ್ಥಗಳನ್ನು ಕಲಸಿ, ಕೆತ್ತನೆಯ ಮರದ ಹಲಗೆಯಲ್ಲಿ ಒತ್ತಿ, ಸಂತನ ರೂಪವನ್ನೋ ಗಾಳಿಯಂತ್ರವನ್ನೋ ಹಡಗನ್ನೋ ಮೂಡಿಸಿ ಬೇಯಿಸುತ್ತಾರೆ. ನೆರೆಯ ಬೆಲ್ಜಿಯಂ ಮತ್ತು ಜರ್ಮನಿಗಳಲ್ಲಿಯೂ ಇದರ ಬಂಧುಗಳುಂಟು. ಜರ್ಮನರು ಅದನ್ನು ಕ್ರಿಸ್‌ಮಸ್ಸಿಗೆ ಮಾಡುತ್ತಾರೆ.

ಸಂಕ್ರಾಂತಿಯ ಸಕ್ಕರೆ ಅಚ್ಚುಗಳನ್ನು ಕಂಡ ನಮ್ಮ ವಾಚಕರಿಗೆ ಮರದ ಅಚ್ಚು ಹೊಸದೇನಲ್ಲ. ಅಚ್ಚಿನಲ್ಲಿ ಎಡವಾದುದು ತಿಂಡಿಯಲ್ಲಿ ಬಲವಾಗುತ್ತದೆ, ತಗ್ಗಾದುದು ಉಬ್ಬಾಗುತ್ತದೆ. ಸ್ಪೆಕ್ಯುಲಾಸ್ ಎಂಬ ಹೆಸರು ಕನ್ನಡಿ ಎಂಬರ್ಥದ ಲ್ಯಾಟಿನ್ ಪದದಿಂದ ಬಂದಿರಬಹುದೆಂಬುದು ಹಲವು ಊಹೆಗಳಲ್ಲೊಂದು. ಭೌತಶಾಸ್ತ್ರದವರಾದ ನಮಗೆ ಆ ಊಹೆಯೇ ಹೆಚ್ಚು ಪ್ರಿಯ.

ಆದರೆ ಇವೆರಡು ತಿಂಡಿಗಳಿಗೂ ಒಂದು ದೊಡ್ಡ ಭೇದವಿದೆ. ಸಕ್ಕರೆ ಅಚ್ಚಿನಲ್ಲಿ ಬಿಸಿ ಪಾಕವನ್ನು ಹೊಯ್ಯುತ್ತೇವೆ. ಅದು ಆರುತ್ತ ಹರಳುಗಟ್ಟಿ ತನ್ನ ರೂಪವನ್ನು ತಾನೇ ಭದ್ರಪಡಿಸಿಕೊಳ್ಳುತ್ತದೆ. ಬಿಸ್ಕತ್ತಿನ ಪಾಡು ಇದಕ್ಕೆ ವಿರುದ್ಧ. ರೂಪ ಪಡೆದ ಮೇಲೆ ಅದು ಒಲೆಗೆ ಹೋಗಬೇಕು. ಅದರ ಮುಖ್ಯ ಆಧಾರವಾದ ಬೆಣ್ಣೆಯಾದರೋ ಬೇಸಗೆಯ ಮಧ್ಯಾಹ್ನದ ಸೆಕೆಗೇ ಸೋಲುವ ವಸ್ತು. ಹೀಗಿದ್ದೂ 160 ಡಿಗ್ರಿ ಸೆಂಟಿಗ್ರೇಡಿನ ಒಲೆಯಿಂದ ಸಂತನು ಗಡ್ಡ, ಟೋಪಿ, ಕೈಕೋಲುಗಳೊಡನೆ ಕ್ಷೇಮವಾಗಿ ಹೊರಬರುವುದು ಹೇಗೆ?

ಬೆಣ್ಣೆಯನ್ನೇ ಮೊದಲು ನೋಡೋಣ. ಅಂಗಡಿಯ 100 ಗ್ರಾಂ ಬೆಣ್ಣೆಯಲ್ಲಿ ಜಿಡ್ಡು ಸುಮಾರು 80 ಗ್ರಾಂ, ನೀರು ಸುಮಾರು 16 ಗ್ರಾಂ. ಜಿಡ್ಡು ಹಲವು ಬಗೆಯ ಅಣುಗಳ ಬೆರಕೆಯಾದುದರಿಂದ ಮಂಜುಗಡ್ಡೆಯಂತೆ ಒಂದೇ ನಿಶ್ಚಿತ ಉಷ್ಣತೆಯಲ್ಲಿ ಕರಗುವುದಿಲ್ಲ. 18 ಡಿಗ್ರಿಯ ಸುಮಾರಿನಲ್ಲಿ ಅದರ ಒಂದು ಪಾಲು ಎಣ್ಣೆಯಾಗಿಯೂ ಇನ್ನೊಂದು ಪಾಲು ಹರಳಾಗಿಯೂ ಇರುತ್ತದೆ. ನಾದುವುದಕ್ಕೆ ಅನುಕೂಲವಾದ ಸ್ಥಿತಿ ಅದೇ. 35 ಡಿಗ್ರಿ ದಾಟುವ ಹೊತ್ತಿಗೆ ಬಹುತೇಕ ಎಲ್ಲವೂ ಎಣ್ಣೆ. ಎಂದರೆ ಒಲೆಗೆ ಹಾಕಿದ ಒಂದೆರಡು ನಿಮಿಷಗಳಲ್ಲೇ ಬೆಣ್ಣೆ ತನ್ನ ಕೈಯನ್ನು ಸಡಿಲಿಸಿಬಿಡುತ್ತದೆ. ಬಿಸ್ಕತ್ತು ಗಟ್ಟಿಯಾಗುವುದಾದರೋ ಬಹಳ ಹೊತ್ತಿನ ಮೇಲೆ. ಈ ನಡುವಣ ಕಾಲವೇ ಗಂಡಾಂತರದ ಕಾಲ.

ಆಗ ಬೊಂಬೆಯನ್ನು ಕಾಪಾಡುವುದು ಹಿಟ್ಟಿನ ಕಣಗಳ ಒತ್ತೊತ್ತಾದ ಜೋಡಣೆ. ತುಸು ತೇವವಿರುವ ಮರಳಿನಲ್ಲಿ ಹೆಜ್ಜೆಯ ಗುರುತು ಅಚ್ಚುಕಟ್ಟಾಗಿ ನಿಲ್ಲುತ್ತದೆ. ಅದೇ ಮರಳಿಗೆ ಇನ್ನಷ್ಟು ನೀರು ಹೊಯ್ದರೆ ಗುರುತು ಕುಸಿದು ಮಾಯವಾಗುತ್ತದೆ. ಬಿಸ್ಕತ್ತಿನ ಹಿಟ್ಟಿನಲ್ಲಿಯೂ ದ್ರವದ ಪಾಲು ಎಷ್ಟೆಂಬುದರ ಮೇಲೆಯೇ ಎಲ್ಲವೂ ನಿಂತಿದೆ. 250 ಗ್ರಾಂ ಮೈದಾ, 150 ಗ್ರಾಂ ಬೆಣ್ಣೆ, 125 ಗ್ರಾಂ ಕಂದು ಸಕ್ಕರೆ, ಎರಡು ದೊಡ್ಡ ಚಮಚ ಹಾಲು, ಇದು ಮನೆಯಲ್ಲಿ ಮಾಡಬಹುದಾದ ಒಂದು ಹದ. ಇದರಲ್ಲಿ ಬೆಣ್ಣೆಯಿಂದಲೂ ಹಾಲಿನಿಂದಲೂ ಬರುವ ನೀರು ಸುಮಾರು 50 ಗ್ರಾಂ ಮಾತ್ರ.

ಲೆಕ್ಕದಲ್ಲಿ ನಮ್ಮ ಕಣ್ಣಿಗೆ ಬೀಳದ ದ್ರವ ಇನ್ನೊಂದುಂಟು: ಅದು ಸಕ್ಕರೆ! ತಣ್ಣಗಿರುವಾಗ ಅದು ಒಣ ಪದಾರ್ಥ. ಬಿಸಿಯೇರಿದಂತೆ ಇರುವಷ್ಟೇ ನೀರಿನಲ್ಲಿ ಕರಗುತ್ತ ಪಾಕವಾಗುತ್ತದೆ. ಕರಗಿದ ಪ್ರತಿಯೊಂದು ಗ್ರಾಂ ಸಕ್ಕರೆಯೂ ದ್ರವದ ಗಾತ್ರಕ್ಕೆ ಸುಮಾರು 0.6 ಘನ ಸೆಂಟಿಮೀಟರನ್ನು ಸೇರಿಸುತ್ತದೆ. ಮೇಲಿನ ಹದದಲ್ಲಿ ಸಕ್ಕರೆಯೆಲ್ಲ ಕರಗಿದರೆ 50 ಗ್ರಾಂ ನೀರಿಗೆ 75 ಘನ ಸೆಂಟಿಮೀಟರಿನಷ್ಟು ಹೊಸ ದ್ರವ ಸೇರಿದಂತಾಯಿತು. ಸಿಹಿ ಹೆಚ್ಚಲೆಂದು ಸಕ್ಕರೆಯನ್ನು ಸುರಿದವರ ಬಿಸ್ಕತ್ತು ಹರಡಿಕೊಳ್ಳುವುದರ ಗುಟ್ಟು ಇದು. ಸೋಡಾ ವಿಷಯದಲ್ಲಿಯೂ ಉದಾರತೆ ಸಲ್ಲದು. ಅನಿಲ ಹೆಚ್ಚಾದಷ್ಟೂ ಉಬ್ಬುತಗ್ಗುಗಳು ಅಳಿಸಿಹೋಗಿ ಸಂತನ ಮೂಗು ಕೆನ್ನೆಯೊಡನೆ ಒಂದಾಗುತ್ತದೆ.

ಹಿಟ್ಟನ್ನು ರಾತ್ರಿಯೆಲ್ಲ ತಣ್ಣಗಿರಿಸಿ, ಮರುದಿನ ತೆಳ್ಳಗೆ ಒತ್ತಿ ಬೇಯಿಸುವುದು ಡಚ್ಚರ ರೂಢಿ. ಇದು ಬರಿಯ ಸಂಪ್ರದಾಯವಲ್ಲ. ತಣ್ಣನೆಯ ಬೆಣ್ಣೆ ಅಚ್ಚಿನ ಗೆರೆಗಳನ್ನು ಖಚಿತವಾಗಿ ಹಿಡಿಯುತ್ತದೆ, ಕರಗುವುದಕ್ಕೂ ತಡಮಾಡುತ್ತದೆ. ತೆಳುವಿನ ಪ್ರಯೋಜನ ಇನ್ನೂ ಹೆಚ್ಚು. ಶಾಖವು ಒಳಮುಟ್ಟಲು ಬೇಕಾಗುವ ಕಾಲವು ದಪ್ಪದ ವರ್ಗಕ್ಕೆ ಅನುಗುಣವಾದುದು. ದಪ್ಪ ಇಮ್ಮಡಿಯಾದರೆ ಕಾಲ ನಾಲ್ಮಡಿಯಾಗುತ್ತದೆ. ಅರ್ಧ ಸೆಂಟಿಮೀಟರು ದಪ್ಪದ ಬಿಲ್ಲೆ ಆ ಗಂಡಾಂತರವನ್ನು ಬೇಗ ದಾಟಿಬಿಡುತ್ತದೆ.

ಮುಂದಿನ ಕೆಲಸ ನೀರನ್ನು ಓಡಿಸುವುದು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಗುಪ್ತೋಷ್ಣ ಬೇಕು. ನೀರು ಸಾಕಷ್ಟಿರುವವರೆಗೆ ಬಿಸ್ಕತ್ತಿನ ಒಳಗಿನ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲಿಯೇ ತಡೆದು ನಿಲ್ಲುತ್ತದೆ. ಮೊದಲು ಒಣಗುವುದು ಮೇಲ್ಮೈ. ಆದುದರಿಂದ ಮೊದಲು ಕಂದುಬಣ್ಣಕ್ಕೆ ತಿರುಗುವುದೂ ಅದೇ. ಸಸಾರಜನಕದ ಅಮೈನೋ ಆಮ್ಲಗಳೂ ಕೆಲವು ಸಕ್ಕರೆಗಳೂ ಬಿಸಿಯಲ್ಲಿ ಕೂಡಿ ಈ ಬಣ್ಣವನ್ನೂ ಹುರಿದ ಕಂಪನ್ನೂ ಹುಟ್ಟಿಸುವುದನ್ನು 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ವಿವರಿಸಿದನು.

ಇನ್ನು ಸಾಂಬಾರಗಳ ಮಾತು. ಚಕ್ಕೆಯದು ಸಿಂಹಪಾಲು, ಲವಂಗ, ಜಾಯಿಕಾಯಿ, ಶುಂಠಿ ಅದಕ್ಕಿಂತ ಕಡಮೆ, ಏಲಕ್ಕಿ, ಬಿಳಿ ಮೆಣಸು ಸ್ವಲ್ಪ. ಏಲಕ್ಕಿ, ಮೆಣಸುಗಳು ನಮ್ಮ ಮಲೆನಾಡಿನವರಿಗೆ ಹಿತ್ತಿಲ ಬೆಳೆಗಳು. ಇವುಗಳಲ್ಲಿ ಒಂದಾದರೂ ಹಾಲೆಂಡಿನ ಹೊಲದಲ್ಲಿ ಬೆಳೆಯುವಂಥದಲ್ಲ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಇವನ್ನು ಹೊತ್ತು ತಂದವು. ಜಾಯಿಕಾಯಿಗಾಗಿ 1621ರಲ್ಲಿ ಆ ಕಂಪನಿಯು ಬಾಂಡಾ ದ್ವೀಪಗಳನ್ನು ಗೆದ್ದಾಗ ಅಲ್ಲಿಯ ಜನರಲ್ಲಿ ಬಹುಪಾಲು ಸತ್ತರು, ಗುಲಾಮರಾದರು, ಇಲ್ಲವೆ ಊರುಬಿಟ್ಟು ಓಡಿದರು. ಮಕ್ಕಳ ಹಬ್ಬದ ತಿಂಡಿಯ ಹಿಂದೆ ಈ ಕಥೆಯೂ ಇದೆ.

ಇಷ್ಟು ಬೆಲೆ ತೆತ್ತು ತಂದ ಪರಿಮಳವನ್ನು ಉಳಿಸಿಕೊಳ್ಳುವುದು ಹೇಗೆ? ಚಕ್ಕೆಯ ಸಿನಮಾಲ್ಡಿಹೈಡ್, ಲವಂಗದ ಯೂಜಿನಾಲ್ ಇವುಗಳ ಕುದಿಬಿಂದು 240 ಡಿಗ್ರಿಗೂ ಮೇಲೆ. ಹಾಗೆಂದು ನಿಶ್ಚಿಂತೆಯಿಂದಿರುವಂತಿಲ್ಲ, ನೀರಾವಿಯ ಸಂಗಡ ಇಂಥ ತೈಲಗಳು ಬಹಳ ಕೆಳಗಿನ ಉಷ್ಣತೆಯಲ್ಲಿಯೇ ಹೊರಟುಹೋಗುತ್ತವೆ. 1916ರಲ್ಲಿ ಸ್ಥಾಪಿತವಾದ ಮೈಸೂರಿನ ಗಂಧದೆಣ್ಣೆ ಕಾರ್ಖಾನೆ ಮರದಿಂದ ಎಣ್ಣೆ ತೆಗೆದುದು ಈ ತತ್ತ್ವದಿಂದಲೇ. ಬಿಸ್ಕತ್ತು ಬೇಯುವಾಗ ಮನೆಯೆಲ್ಲ ಘಮಘಮಿಸಿದರೆ ನಾವು ಹಿಗ್ಗುತ್ತೇವಷ್ಟೆ. ಆ ಘಮವೆಲ್ಲ ಬಿಸ್ಕತ್ತು ಕಳೆದುಕೊಂಡದ್ದು! ಇಲ್ಲಿ ಬೆಣ್ಣೆ ನಮ್ಮ ಕೈಹಿಡಿಯುತ್ತದೆ. ಈ ಅಣುಗಳು ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುವುವು. ಕರಗಿದ ಮೇಲೆ ಗಾಳಿಗೆ ಹಾರುವ ಅವುಗಳ ಆತುರವೂ ತಗ್ಗುತ್ತದೆ. ರಾತ್ರಿಯೆಲ್ಲ ಇಟ್ಟ ಹಿಟ್ಟಿನಲ್ಲಿ ಪುಡಿಯ ಸಾರ ಬೆಣ್ಣೆಗೆ ಇಳಿಯಲು ಸಮಯ ಸಿಕ್ಕುತ್ತದೆ.

ನಮ್ಮಲ್ಲಿ ಮಾಡುವವರಿಗೆ ಒಂದೆರಡು ಮಾತು. ಕಂದು ಸಕ್ಕರೆಗೆ ಬದಲಾಗಿ ಒಣಗಿದ ಬೆಲ್ಲದ ಪುಡಿ ಆದೀತು. ಮುದ್ದೆಯಾದ ಹಸಿಬೆಲ್ಲ ಬೇಡ, ಅದರಲ್ಲಿ ನೀರು ಹೆಚ್ಚು. ಅಚ್ಚಿಗೆ ಅಕ್ಕಿಹಿಟ್ಟನ್ನು ಉದುರಿಸಿಕೊಂಡರೆ ಹಿಟ್ಟು ಅಂಟದೆ ಬಿಡುತ್ತದೆ. 160 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷದ ಸುಮಾರಿಗೆ ಅಂಚು ಕೆಂಪಾದೊಡನೆ ಹೊರತೆಗೆಯಬೇಕು. ಮುಟ್ಟಿ ನೋಡಿ, ಇನ್ನೂ ಮೆತ್ತಗಿದೆಯೆಂದು ಮತ್ತೆ ಒಳಗೆ ತಳ್ಳಬಾರದು. ನೀರು ಕಳೆದುಕೊಂಡ ಪಾಕವು ತಣಿದು ಗಾಜಿನಂತಾದಾಗ ತಾನೇ ಗರಿಗರಿ ಬರುತ್ತದೆ. ಆ ಗಾಜು ಗಾಳಿಯ ತೇವವನ್ನು ಹೀರಿ ಮತ್ತೆ ಮೆತ್ತಗಾಗುವುದರಿಂದ, ಪೂರ್ತಿ ಆರಿದ ಮೇಲೆ ಬಿಗಿಮುಚ್ಚಳದ ಡಬ್ಬಿಯಲ್ಲಿಡುವುದು ಕ್ಷೇಮ. ಕರಾವಳಿಯವರು ಇದನ್ನು ಮರೆಯಲಾಗದು. ಹಾಗೂ ಮೆತ್ತಗಾದರೆ ಮಂದವಾದ ಒಲೆಯಲ್ಲಿ ಐದಾರು ನಿಮಿಷ ಇಟ್ಟು, ಮತ್ತೆ ಆರಲು ಬಿಡಬೇಕು.